ಜೂನ್ ಬಂತು, ತುರಿಕೆಯೂ ಬಂತು: ಮೈಗೂ ಒಂದು ಕ್ಯಾಲೆಂಡರ್ ಬೇಕು

[ತೆರೆಯಲ್ಲಿ: ಸುರಿಯುವ ಮಳೆ, ಅಡಿಕೆ ತೋಟ, ಚಾವಡಿಯ ಹಗ್ಗದಲ್ಲಿ ಒಣಗದ ಬೈರಾಸು]

ನಮಸ್ಕಾರ. ಬದಿಯಡ್ಕ ಕಡೆಯ ಒಬ್ಬರು ನಮಗೊಂದು ಮೆಸೇಜ್ ಹಾಕಿದ್ದಾರೆ. ಅವರ ಅಪ್ಪನಿಗೆ ತೊಡೆಸಂದಿಯಲ್ಲಿ ತುರಿಕೆ. ನಾಲ್ಕು ವರ್ಷ ಆಯಿತಂತೆ. ಜೂನ್‌ನಲ್ಲಿ ಶುರುವಾಗುತ್ತದೆ, ಟ್ಯೂಬ್ ಹಚ್ಚಿದರೆ ವಾರದೊಳಗೆ ಹೋಗುತ್ತದೆ, ಆಟಿ ತಿಂಗಳಿಗೆ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಸರಿಯಾಗಿ ವಾಪಸ್ ಬರುತ್ತದೆ. "ಆಯುರ್ವೇದದಲ್ಲಿ ಇದಕ್ಕೆ ಬೇರುಸಮೇತ ಹೋಗುವ ಮದ್ದು ಉಂಟಾ?" ಅಂತ ಕೇಳಿದ್ದಾರೆ.

ಮದ್ದು ಉಂಟು. ಒಂದಲ್ಲ, ನೂರು ಉಂಟು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಪ್ರಶ್ನೆ. ಹೋದದ್ದು ವಾಪಸ್ ಯಾಕೆ ಬರುತ್ತದೆ? ಅದಕ್ಕೆ ಉತ್ತರ ಸಿಕ್ಕಿದರೆ ಮದ್ದಿನ ವಿಷಯ ಅರ್ಧ ಮುಗಿಯಿತು.

ಮೊದಲು ಬೇಗಬೇಗ ಒಂದೆರಡು ಮಾತು. ತುರಿಕೆ ಅಂದರೆ ಒಂದೇ ರೋಗ ಅಲ್ಲ. ಅಂಚು ಕೆಂಪಾಗಿ ಉಬ್ಬಿ, ನಡುವೆ ತಿಳಿಯಾಗಿ, ಬಳೆಯ ಹಾಗೆ ಹರಡುತ್ತಾ ಹೋಗುವುದು ಗಜಕರ್ಣ. ಅದು ಒಂದು ಬಗೆಯ ಬೂಸ್ಟು, ಫಂಗಸ್. ಆಯುರ್ವೇದದಲ್ಲಿ ಅದಕ್ಕೆ ಬಹುಮಟ್ಟಿಗೆ ಹೊಂದುವ ಹೆಸರು ದದ್ರು. ಬೆರಳಸಂದಿ, ಮಣಿಕಟ್ಟು, ಹೊಟ್ಟೆಯ ಸುತ್ತ ಸಣ್ಣ ಗುಳ್ಳೆ ಎದ್ದು, ರಾತ್ರಿ ಜಾಸ್ತಿ ತುರಿಸಿ, ಮನೆಯವರಿಗೆಲ್ಲ ಒಬ್ಬೊಬ್ಬರಾಗಿ ಬಂದರೆ ಅದು ಕಜ್ಜಿ, ಅದಕ್ಕೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಚರ್ಮ ದಪ್ಪವಾಗಿ, ಕಪ್ಪಾಗಿ, ಕೆಲವೊಮ್ಮೆ ನೀರು ಸೋರುವುದು ಇಸುಬು, ಎಕ್ಸಿಮಾ. ಅದು ಆಯುರ್ವೇದ ಹೇಳುವ ವಿಚರ್ಚಿಕೆಗೆ ಹತ್ತಿರ. ಮೂರಕ್ಕೂ ಒಂದೇ ಮದ್ದು ಹಚ್ಚುವುದೇ ಮೊದಲ ತಪ್ಪು.

ಆಯುರ್ವೇದ ಈ ಚರ್ಮರೋಗಗಳನ್ನೆಲ್ಲ ಕುಷ್ಠ ಅಂತ ಒಟ್ಟಾಗಿ ಕರೆಯುತ್ತದೆ. ಹೆಸರು ಕೇಳಿ ಹೆದರಬೇಡಿ. ಇದು ನಾವು ಆಡುಮಾತಿನಲ್ಲಿ ಹೇಳುವ ಕುಷ್ಠ ಮಾತ್ರ ಅಲ್ಲ. ಒಟ್ಟು 18 ಬಗೆ, 7 ದೊಡ್ಡವು, 11 ಸಣ್ಣವು. ಗಜಕರ್ಣ ಯಾವ ಗುಂಪು? ಆಯುರ್ವೇದದ ಹಳೆಯ ಆಚಾರ್ಯರಲ್ಲಿ ಚರಕ ಅದನ್ನು ಸಣ್ಣದರಲ್ಲಿ ಇಟ್ಟ, ಸುಶ್ರುತ ದೊಡ್ಡದರಲ್ಲಿ. ಪ್ರತಿ ಮಳೆಗಾಲವೂ ತುರಿಸಿಕೊಂಡವರನ್ನು ಕೇಳಿದರೆ ಎಲ್ಲರೂ ಸುಶ್ರುತನ ಕಡೆಗೇ ಓಟು ಹಾಕುತ್ತಾರೆ.

[ತೆರೆಯಲ್ಲಿ: ಅಡಿಕೆ ಮರದ ತುದಿಯಲ್ಲಿ ಮದ್ದು ಬಿಡುವವರು]

ಈಗ ತೋಟಕ್ಕೆ ಬನ್ನಿ. ಅಡಿಕೆಗೆ ಮಹಾಳಿ ಬರುತ್ತದೆ, ಕೊಳೆರೋಗ. ನಾವೇನು ಮಾಡುತ್ತೇವೆ? ಕಾಯಿ ಉದುರಲಿ, ಆಮೇಲೆ ನೋಡೋಣ ಅಂತ ಕೂರುತ್ತೇವಾ? ಇಲ್ಲ. ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಬಿಡುತ್ತೇವೆ. ಅದೂ ಒಂದು ಸಲ ಬಿಟ್ಟು ಸುಮ್ನೆ ಕೂರುವುದಿಲ್ಲ. 40-45 ದಿನ ಕಳೆದು, ಗೊನೆಯಲ್ಲಿ ರೋಗದ ಒಂದು ಗುರುತೂ ಇಲ್ಲದಿದ್ದರೂ, ಬಿಸಿಲು ಕಂಡ ದಿನ ನೋಡಿ ಎರಡನೇ ಸಲ ಬಿಡುತ್ತೇವೆ. ಮಳೆ ಜಾಸ್ತಿಯಾದರೆ ಮೂರನೇದೂ ಉಂಟು. ಕಣ್ಣಿಗೆ ಕಾಣುವುದಿಲ್ಲ ಅಂದರೆ ರೋಗ ಇಲ್ಲ ಅಂತ ಅರ್ಥ ಅಲ್ಲ ಎನ್ನುವುದು ನಮ್ಮ ಊರಿನ ಪ್ರತಿಯೊಬ್ಬ ಕೃಷಿಕನಿಗೂ ಗೊತ್ತು. ಅಂಥ ಮನುಷ್ಯ ತನ್ನದೇ ತೊಡೆಯ ತುರಿಕೆ ನಿಂತ ಮರುದಿನ ಟ್ಯೂಬನ್ನು ಕಪಾಟಿನೊಳಗೆ ಇಟ್ಟುಬಿಡುತ್ತಾನೆ! ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಮರಕ್ಕೆ ಇರುವ ಕ್ಯಾಲೆಂಡರ್ ಮೈಗೆ ಯಾಕಿಲ್ಲ?

ಚರ್ಮದ ಡಾಕ್ಟರರು ಹೇಳುವುದೂ ಇದನ್ನೇ. ಗುರುತು ಮಾಯವಾದ ಮೇಲೂ ಕಮ್ಮಿಯೆಂದರೆ ಒಂದೆರಡು ವಾರ ಫಂಗಸ್‌ನ ಮದ್ದು ಮುಂದುವರಿಸಿ ಅಂತ. ಆಯುರ್ವೇದ ಏನು ಹೇಳುತ್ತದೆ? ಸುಶ್ರುತ ಸಂಹಿತೆಯ ಕುಷ್ಠ ಚಿಕಿತ್ಸೆಯ ಭಾಗದಲ್ಲಿ ಒಂದು ಶ್ಲೋಕ ಇದೆ. ಅದನ್ನು ಓದಿದಾಗ ನನಗೆ ತಕ್ಷಣ ಬೋರ್ಡೋ ನೆನಪಾಯಿತು. ಹದಿನೈದು ದಿನಕ್ಕೊಮ್ಮೆ ವಮನ, ಅಂದರೆ ಮದ್ದು ಕೊಟ್ಟು ವಾಂತಿ ಮಾಡಿಸುವುದು. ತಿಂಗಳಿಗೊಮ್ಮೆ ವಿರೇಚನ, ಭೇದಿ ಮಾಡಿಸುವುದು. ಮೂರು ದಿನಕ್ಕೊಮ್ಮೆ ನಸ್ಯ, ಮೂಗಿಗೆ ಮದ್ದು ಬಿಡುವುದು. ವರ್ಷಕ್ಕೆ ಎರಡು ಸಲ ಸ್ವಲ್ಪ ರಕ್ತ ತೆಗೆಯುವುದು. ಅಂದರೆ ಪೂರ್ತಿ ಒಂದು ವರ್ಷದ ವೇಳಾಪಟ್ಟಿ! ಈ ರೋಗ ಮರಳಿ ಬರುವ ಜಾತಿಯದು, ಒಂದು ಸಲದ ಮದ್ದಿಗೆ ಬಗ್ಗುವುದಿಲ್ಲ ಅಂತ ಆ ಕಾಲದಲ್ಲೇ ಗೊತ್ತಿತ್ತು, ಅಲ್ವಾ? ಇದನ್ನೆಲ್ಲ ಮನೆಯಲ್ಲಿ ಮಾಡಲು ಹೋಗಬೇಡಿ ದಯವಿಟ್ಟು. ವಮನ, ವಿರೇಚನ ವೈದ್ಯರು ನಾಡಿ, ವಯಸ್ಸು, ಶಕ್ತಿ ನೋಡಿ ಮಾಡಿಸುವಂಥದ್ದು. ಶುಗರ್, ಹೃದಯದ ತೊಂದರೆ ಇದ್ದವರಂತೂ ಮೊದಲೇ ಹೇಳಬೇಕು.

[ತೆರೆಯಲ್ಲಿ: ಗುಡ್ಡದ ಬದಿಯಲ್ಲಿ ತಜಂಕ್ ಗಿಡ, ಹತ್ತಿರದಿಂದ]

ಈಗ ನನಗೆ ತುಂಬ ಇಷ್ಟವಾದ ಭಾಗ. ಈ ಗಿಡ ನೋಡಿ. ತುಳುವಿನಲ್ಲಿ ತಜಂಕ್, ಮಲಯಾಳದಲ್ಲಿ ತಕರ, ಕನ್ನಡದಲ್ಲಿ ಚಗಟೆ, ತಗಚೆ. ಮೊದಲ ಮಳೆಗೆ ರಸ್ತೆ ಬದಿ, ಗುಡ್ಡ, ಖಾಲಿ ಹಿತ್ತಿಲು ಎಲ್ಲ ಕಡೆ ಏಳುತ್ತದೆ. ಸಂಜೆಯಾದರೆ ಎಲೆ ಮಡಚಿ ಮಲಗುತ್ತದೆ. ಆಟಿಯಲ್ಲಿ ಅಮ್ಮಂದಿರು ಇದರ ಎಳೆ ಸೊಪ್ಪು ಕೊಯ್ದು ಪಲ್ಯ ಮಾಡುತ್ತಾರೆ, ಅಂಬಡೆ ಮಾಡುತ್ತಾರೆ. ಇದಕ್ಕೆ ಸಂಸ್ಕೃತದಲ್ಲಿ ಏನು ಹೆಸರು ಗೊತ್ತಾ? ಚಕ್ರಮರ್ದ. ಚಕ್ರವನ್ನು ಅರೆದು ಹಾಕುವಂಥದ್ದು. ಯಾವ ಚಕ್ರ? ಮೈಮೇಲಿನ ಆ ಬಳೆ! ಇನ್ನೂ ಅನುಮಾನ ಇದ್ದರೆ ಇನ್ನೊಂದು ಹೆಸರು ಕೇಳಿ, ದದ್ರುಘ್ನ. ದದ್ರುವನ್ನು ಕೊಲ್ಲುವಂಥದ್ದು. ರೋಗ ಏಳುವ ತಿಂಗಳಲ್ಲೇ ಮದ್ದಿನ ಗಿಡವೂ ಅಂಗಳದ ಬದಿಯಲ್ಲಿ ಏಳುತ್ತದೆ.

ಹಳೆಯ ಪದ್ಧತಿಯಲ್ಲಿ ಇದರ ಬೀಜವನ್ನು ಹುಳಿ ಮಜ್ಜಿಗೆಯಲ್ಲೋ ಗಂಜಿನೀರಿನಲ್ಲೋ ಅರೆದು ಹಚ್ಚುತ್ತಾರೆ. ಬೀಜದಲ್ಲಿ ಕ್ರೈಸೋಫನಾಲ್ ಎಂಬ ರಾಸಾಯನಿಕದ ಬಳಗದ ಅಂಶಗಳಿವೆ. ಅವುಗಳಲ್ಲಿ ಒಂದು ಗಜಕರ್ಣದ ಫಂಗಸನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ. ಈ ಬಳಗದ ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬ್ರೆಜಿಲಿನ ಒಂದು ಮರದ ಪುಡಿ ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂತು. ಇಲ್ಲಿ ಜನ ಗಜಕರ್ಣಕ್ಕೆ ಹಚ್ಚಿದರು. ಹೆಸರೇ ಗೋವಾ ಪುಡಿ ಅಂತಾಯಿತು. 19ನೇ ಶತಮಾನದಲ್ಲಿ ಬ್ರಿಟಿಷ್ ಡಾಕ್ಟರರು ಅದನ್ನು ಹಿಡಿದುಕೊಂಡರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಆ ಪುಡಿ ಸಿಗದೆ ಹೋದಾಗ, 1916ರಲ್ಲಿ, ಅಲ್ಲಿಯವರು ಅದೇ ತರಹದ್ದನ್ನು ತಾವೇ ತಯಾರಿಸಿದರು. ಅದು ಡಿತ್ರನಾಲ್. ಸೋರಿಯಾಸಿಸ್‌ಗೆ ಬಳಸುವ ಮದ್ದು. ನಮ್ಮ ತಜಂಕಿನ ಬೀಜದಲ್ಲಿರುವುದು ಇದರ ಸಂಬಂಧಿ.

ಹಾಗಂತ ಪಲ್ಯ ತಿಂದರೆ ಗಜಕರ್ಣ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಗಾಜಿನ ತಟ್ಟೆಯಲ್ಲಿ ಫಂಗಸ್ ನಿಲ್ಲುವುದು ಬೇರೆ, ಬೆವರುವ ತೊಡೆಸಂದಿಯಲ್ಲಿ ನಿಲ್ಲುವುದು ಬೇರೆ. ಅರೆದದ್ದನ್ನು ಹಸಿ ಗಾಯಕ್ಕೆ, ಮಕ್ಕಳ ಮೈಗೆ ಹಚ್ಚಬೇಡಿ. ಉರಿ ಬಂದರೆ ಕೂಡಲೇ ತೊಳೆಯಿರಿ.

ಆ ನಾಲ್ಕು ವರ್ಷದ ಟ್ಯೂಬಿನ ಬಗ್ಗೆ ಈಗ. ಮೆಡಿಕಲ್‌ನಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂದರೆ ಸಿಗುವ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಹೋಗುತ್ತದೆ. ಆದರೆ ಫಂಗಸ್ ಒಳಗೊಳಗೇ ಹರಡುತ್ತದೆ. ಬಳೆಯ ಆಕಾರ ಕೆಟ್ಟು ಡಾಕ್ಟರರಿಗೂ ಗುರುತು ಸಿಗದ ಹಾಗೆ ಆಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಕ್ರೀಮ್‌ಗಳನ್ನು ಡಾಕ್ಟರರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ಅದರ ಮೇಲೆ ಸಾಮಾನ್ಯ ಮಾತ್ರೆಗೆ ಬಗ್ಗದ ಗಜಕರ್ಣದ ಫಂಗಸೂ ನಮ್ಮ ದೇಶದಲ್ಲಿ ಈಗ ಇದೆ. 2020ರಲ್ಲಿ ಅದಕ್ಕೆ ಇಟ್ಟ ಹೆಸರಿನಲ್ಲೇ ಭಾರತ ಇದೆ, ಟ್ರೈಕೋಫೈಟಾನ್ ಇಂಡೊಟಿನಿಯೆ.

ವಿಡಿಯೋ ಉದ್ದವಾಯಿತು, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಕಾರಣ ಬಿಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ ಅಂತ ಆಯುರ್ವೇದ ಹೇಳುತ್ತದೆ. ಹಾಲು-ಮೀನು ಒಟ್ಟಿಗೆ ಬೇಡ ಅನ್ನುವುದು ಅದರ ಪ್ರಸಿದ್ಧ ಮಾತು, ಆದರೆ ನಮ್ಮ ಮಳೆಗಾಲದ ದೊಡ್ಡ ಕಾರಣ ಒದ್ದೆ ಬಟ್ಟೆ. ಒಂದೇ ಬೈರಾಸು ಮನೆಯವರೆಲ್ಲ ಬಳಸಬೇಡಿ. ಒಳಬಟ್ಟೆ ಬಿಸಿಲಿಲ್ಲದಿದ್ದರೆ ಇಸ್ತ್ರಿ ಹಾಕಿ ಒಣಗಿಸಿ. ಕಜ್ಜಿಯಾದರೆ ಮನೆಯವರೆಲ್ಲರೂ ಒಂದೇ ದಿನ ಮದ್ದು ಹಚ್ಚಬೇಕು. ಅದಕ್ಕೆ ಆಯುರ್ವೇದ ಹೇಳುವ ಗಂಧಕವನ್ನು ಇಂಗ್ಲಿಷ್ ಮದ್ದಿನವರೂ ಬಳಸುತ್ತಾರೆ. ಇಸುಬಿಗೆ ವೈದ್ಯರು ಕಹಿ ಮದ್ದು ಹಾಕಿದ ತುಪ್ಪ, ನಾಲ್ಪಾಮರಾದಿ ತರಹದ ಎಣ್ಣೆ ಕೊಡುತ್ತಾರೆ, ಅಲ್ಲಿ ಚರ್ಮ ಒಣಗಲೇಬಾರದು. ಗಜಕರ್ಣಕ್ಕೆ ಮಾತ್ರ ಕೈಗೆ ಸಿಕ್ಕಿದ ಎಣ್ಣೆ ಬಳಿದು ಒದ್ದೆ ಉಳಿಸಬೇಡಿ.

ಆಯುರ್ವೇದವಾ, ಇಂಗ್ಲಿಷ್ ಮದ್ದಾ ಅಂತ ಜಗಳ ಬೇಡ. ನಮ್ಮ ಕಾಸರಗೋಡಿನಲ್ಲೇ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆನೆಕಾಲಿಗೆ ಎರಡೂ ಪದ್ಧತಿಯ ವೈದ್ಯರು ಸೇರಿ ಚಿಕಿತ್ಸೆ ರೂಪಿಸಿದ್ದಾರೆ. ಅಲ್ಲಿಯೂ ಸೋಪಿನಲ್ಲಿ ತೊಳೆದು, ಕಾಲ್ಬೆರಳ ಸಂದಿಯನ್ನು ನೋಡಿಕೊಳ್ಳುವುದಕ್ಕೆ ದೊಡ್ಡ ಜಾಗ ಇದೆ.

ಬದಿಯಡ್ಕದವರೇ, ಅಪ್ಪನನ್ನು ಈ ಸಲ ಮೇ ತಿಂಗಳಲ್ಲೇ, ತೋಟಕ್ಕೆ ಮದ್ದು ಬಿಡುವ ವಾರದಲ್ಲೇ, ಒಬ್ಬ ಒಳ್ಳೆಯ ವೈದ್ಯರಿಗೆ ತೋರಿಸಿ. ಹೋಗುವಾಗ ಆ ನಾಲ್ಕು ವರ್ಷದ ಟ್ಯೂಬನ್ನೂ ಕಿಸೆಯಲ್ಲಿ ಹಾಕಿಕೊಂಡು ಹೋಗಿ. ಅವರು ಅದನ್ನು ನೋಡಿ ಏನು ಹೇಳಿದರು ಅಂತ ನನಗೆ ಬರೆಯಿರಿ.