ಆರ್ಮ್ ಕೇಳುವ ಮೊದಲು ಕಾರ್ಟ್ರಿಜ್ ಹೇಳಿ

ನಮಸ್ಕಾರ. ಮಂಗಳೂರು, ಉಡುಪಿ, ಮಣಿಪಾಲದ ಕಡೆಯ ಎಲ್‌ಪಿ ಪ್ರಿಯರು ಸೇರಿದಲ್ಲೆಲ್ಲ ಒಂದು ಪ್ರಶ್ನೆ ಬಂದೇ ಬರ್ತದೆ. "ಈ ಸಲ ಸ್ವಲ್ಪ ದುಡ್ಡು ಹಾಕುವ ಅಂತ ಉಂಟು. ಟೋನ್‌ಆರ್ಮ್ ಯಾವುದು ತಗೊಳ್ಳುವುದು? ಎಸ್‌ಎಂಇಯಾ, ರೇಗಾನಾ, ಹಳೆ ಜಪಾನಿನದ್ದಾ?" ಟೋನ್‌ಆರ್ಮ್ ಅಂದರೆ ಪ್ಲೇಟಿನ ಮೇಲೆ ಸೂಜಿಯನ್ನು ಹಿಡಿದು ನಡೆಸುವ ಕೈ. ಈ ಪ್ರಶ್ನೆಗೆ ನೇರ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಉತ್ತರ ಕೊಡಬೇಕಾದರೆ ಮೊದಲು ಎರಡು ವಿಷಯ ಗೊತ್ತಾಗಬೇಕು. ಆರ್ಮಿನ ತುದಿಗೆ ಯಾವ ಕಾರ್ಟ್ರಿಜ್ (ಸೂಜಿ ಇರುವ ಪುಟ್ಟ ಡಬ್ಬಿ) ಹಾಕ್ತೀರಿ? ನಿಮ್ಮ ಪ್ಲೇಟುಗಳು ಎಷ್ಟು ಬೆಂಡಾಗಿವೆ?

ಎರಡನೆಯದನ್ನು ಯಾರೂ ಕೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಅದೇ ಮುಖ್ಯ. ಹಂಚಿನ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಒಂದರ ಮೇಲೊಂದು ಪೇರಿಸಿಟ್ಟ ರೆಕಾರ್ಡುಗಳು ಏಪ್ರಿಲ್, ಮೇ ಸೆಕೆಯಲ್ಲಿ ಬಾಗಿರ್ತವೆ. ಮಳೆಗಾಲಕ್ಕೆ ಕವರಿಗೆ ಬೂಸ್ಟು ಹಿಡಿಯುವುದು ಬೇರೆ. ಬೂಸ್ಟನ್ನು ಒರೆಸಬಹುದು, ಬೆಂಡು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಈಗ ಲೆಕ್ಕಕ್ಕೆ ಬರುವ. ಕಾರ್ಟ್ರಿಜ್‌ನ ಸೂಜಿ ಒಂದು ಸಣ್ಣ ಕಡ್ಡಿಯ ತುದಿಯಲ್ಲಿ ಉಂಟು, ಆ ಕಡ್ಡಿ ಒಳಗೆ ರಬ್ಬರಿನ ಮೇಲೆ ಕೂತಿರ್ತದೆ. ರಬ್ಬರ್ ಅಂದರೆ ಸ್ಪ್ರಿಂಗ್. ಅದು ಎಷ್ಟು ಮೆದು ಅನ್ನುವುದಕ್ಕೆ ಕಂಪ್ಲಯನ್ಸ್ ಅಂತ ಹೆಸರು. ಆ ಸ್ಪ್ರಿಂಗಿನ ಮೇಲೆ ಆರ್ಮಿನ ಎಫೆಕ್ಟಿವ್ ಮಾಸ್ (ಆರ್ಮ್ ಅಲುಗುವಾಗ ಸೂಜಿಯ ಕಡೆಗೆ ತಾಗುವ ತೂಕ), ಕಾರ್ಟ್ರಿಜ್‌ನ ತೂಕ, ಸ್ಕ್ರೂಗಳ ತೂಕ, ಎಲ್ಲ ಸೇರಿ ಕೂರ್ತದೆ. ಸ್ಪ್ರಿಂಗೂ ತೂಕವೂ ಸೇರಿದಲ್ಲಿ ಒಂದು ರೆಸೊನೆನ್ಸ್, ಅಂದರೆ ಆ ಜೋಡಿ ಅತಿ ಸುಲಭಕ್ಕೆ ನಡುಗುವ ಒಂದು ವೇಗ, ಇದ್ದೇ ಇರ್ತದೆ. ಗ್ರಾಂ ಲೆಕ್ಕದ ಒಟ್ಟು ತೂಕವನ್ನು ಕಂಪನಿ ಕೊಟ್ಟ ಕಂಪ್ಲಯನ್ಸ್ ಸಂಖ್ಯೆಯಿಂದ ಗುಣಿಸಿ, ಅದರ ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ. ಬಂದ ಸಂಖ್ಯೆ ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಂತ. ಅದು 8ರಿಂದ 12ರ ಒಳಗೆ ಬೀಳಬೇಕು.

ಯಾಕೆ ಅಷ್ಟೇ? ಸಂಗೀತ 20 ಹರ್ಟ್ಸ್‌ನಿಂದ ಮೇಲೆ. 33⅓ ವೇಗದಲ್ಲಿ ಪ್ಲೇಟು ಒಂದು ಸುತ್ತು ಬರುವುದು ಸೆಕೆಂಡಿಗೆ 0.55 ಸಲ. ಬೆಂಡಿನ ಅಲುಗಾಟ ಬಹುತೇಕ ಅಲ್ಲಿಂದ ಶುರುವಾಗಿ ಐದಾರು ಹರ್ಟ್ಸ್‌ವರೆಗೆ. ನಿಮ್ಮ ಜೋಡಿಯ ರೆಸೊನೆನ್ಸ್ 5ರಲ್ಲಿ ಬಿದ್ದರೆ ಪ್ರತಿ ಬೆಂಡಿಗೂ ಆರ್ಮ್ ತುಯ್ದಾಡ್ತದೆ, ಸ್ಪೀಕರಿನ ಕೋನ್ ಸುಮ್ಮನೆ ಹಿಂದೆಮುಂದೆ ಹೋಗ್ತದೆ, ಸೂಜಿಯ ಒತ್ತಡ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ. ಪ್ಲೇಟುಗಳನ್ನು ಚಪ್ಪಟೆಯಾಗಿಟ್ಟುಕೊಂಡವರಿಗೆ ಇದು ಅಷ್ಟು ಬಾಧಿಸುವುದಿಲ್ಲ. ನಮಗೆ ಬಾಧಿಸ್ತದೆ.

ಎರಡು ದಿಗ್ಗಜ ಆರ್ಮ್ ತಗೊಳ್ಳಿ. ಎಸ್‌ಎಂಇ 3009 ಸೀರೀಸ್ III, ಟೈಟೇನಿಯಂ ಕೊಳವೆ, ಎಫೆಕ್ಟಿವ್ ಮಾಸ್ ಸುಮಾರು 5 ಗ್ರಾಂ. ಶೂರ್ ವಿ15ರಂಥ ಮೆದು ಕಾರ್ಟ್ರಿಜ್‌ಗಳ ಕಾಲಕ್ಕೆ ಹುಟ್ಟಿದ್ದು. ಇನ್ನೊಂದು ಜಪಾನಿನ ಇಸಾಮು ಇಕೆದಾ ಅವರ ಫಿಡೆಲಿಟಿ ರಿಸರ್ಚ್ ಎಫ್‌ಆರ್-64ಎಸ್. ಸ್ಟೇನ್‌ಲೆಸ್ ಸ್ಟೀಲಿನದ್ದು, ಸಾಮಾನ್ಯವಾಗಿ 35 ಗ್ರಾಂ ಅಂತ ಲೆಕ್ಕ ಹಿಡಿಯುವುದು. ಇವೆರಡರಲ್ಲಿ ಯಾವುದು ಮೇಲು ಅನ್ನುವ ಚರ್ಚೆಯೇ ನನಗೆ ಒಪ್ಪಿಗೆ ಇಲ್ಲ. ಚೆಂಡೆಯ ಕೋಲಿನಲ್ಲಿ ಮದ್ದಳೆ ಬಾರಿಸಲಿಕ್ಕೆ ಆಗ್ತದಾ?

ಆರ್ಟೊಫೋನ್ 2ಎಂ ರೆಡ್ 7.2 ಗ್ರಾಂ, ಕಂಪ್ಲಯನ್ಸ್ 20. ಸ್ಕ್ರೂ ಸೇರಿಸಿ 8 ಗ್ರಾಂ ಅನ್ನಿ. ಎಫ್‌ಆರ್-64ಎಸ್‌ಗೆ ಕಟ್ಟಿದರೆ ರೆಸೊನೆನ್ಸ್ ಸುಮಾರು 5.4 ಹರ್ಟ್ಸ್, ಸರಿಯಾಗಿ ಬೆಂಡಿನ ಜಾಗಕ್ಕೇ ಹೋಗಿ ಬೀಳ್ತದೆ. ಅದೇ ಕಾರ್ಟ್ರಿಜ್ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲಿನ 12 ಗ್ರಾಂ ಆರ್ಮಿನಲ್ಲಿ 8ರ ಹತ್ತಿರ ಬರ್ತದೆ. ಅಂಚಿನಲ್ಲಿ ಉಂಟು, ಆದರೆ ನಡೀತದೆ. ಗಲ್ಫಿನಿಂದ ಯಾರೋ ಮಾವ ತಂದ ಟೆಕ್ನಿಕ್ಸ್ ನಮ್ಮ ಕಡೆ ಇನ್ನೂ ಎಷ್ಟೋ ಮನೆಯಲ್ಲಿ ಉಂಟು. ಹೆಸರುವಾಸಿ ಆರ್ಮಿಗಿಂತ ಈ ಜೋಡಿಯಲ್ಲಿ ಅದೇ ಗೆಲ್ತದೆ.

ಇನ್ನು ಡೆನಾನ್ ಡಿಎಲ್-103. 1962ರಲ್ಲಿ ಜಪಾನಿನ ರೇಡಿಯೋ ಸಂಸ್ಥೆ ಎನ್‌ಎಚ್‌ಕೆಗಾಗಿ ಮಾಡಿದ್ದು, ಈಗಲೂ ಸಿಗ್ತದೆ. 8.5 ಗ್ರಾಂ, ಸೂಜಿಯ ಭಾರ 2.5 ಗ್ರಾಂ, ಕಂಪ್ಲಯನ್ಸ್ ಬರೀ 5. ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಆ 5 ಅನ್ನುವುದು 100 ಹರ್ಟ್ಸ್‌ನಲ್ಲಿ ಅಳೆದದ್ದು, ಜಪಾನಿನವರ ಪದ್ಧತಿ ಹಾಗೆ. ನಮ್ಮ ಲೆಕ್ಕಕ್ಕೆ ಬೇಕಾದದ್ದು 10 ಹರ್ಟ್ಸ್‌ನದ್ದು. ಅಂದಾಜಿಗೆ ಒಂದೂವರೆಯಿಂದ ಎರಡು ಪಟ್ಟು ಮಾಡಬೇಕು. 10 ಅಂತ ಹಿಡಿದರೆ, ರೇಗಾ ಆರ್‌ಬಿ300ರ 11 ಗ್ರಾಂ ಆರ್ಮಿನಲ್ಲಿ ಸುಮಾರು 11 ಹರ್ಟ್ಸ್ ಬರ್ತದೆ. ಚೆಂದದ ಸಂಖ್ಯೆ! ಎಸ್‌ಎಂಇ ಸೀರೀಸ್ IIIಕ್ಕೆ ಹಾಕಿದರೆ 13 ದಾಟ್ತದೆ. ಅದೂ ಅಲ್ಲದೆ ಇಂಥ ಬಿಗಿ ಕಾರ್ಟ್ರಿಜ್ ಆರ್ಮಿನೊಳಗೆ ತಿರುಗಿ ತಳ್ಳುವ ಶಕ್ತಿ ಜಾಸ್ತಿ, ತೆಳು ಕೊಳವೆ ಅದನ್ನು ತಡೆಯಲಿಕ್ಕೆ ಒದ್ದಾಡ್ತದೆ.

ಮತ್ತೆ ನಮ್ಮ ಸೆಕೆ. ಕಂಪನಿ ಕೊಡುವ ಕಂಪ್ಲಯನ್ಸ್ ಇಪ್ಪತ್ತು ಚಿಲ್ಲರೆ ಡಿಗ್ರಿಯ ತಂಪು ಕೋಣೆಗೆ. ಮೇ ತಿಂಗಳಲ್ಲಿ ಕದ್ರಿಯಲ್ಲೋ ಮಲ್ಪೆಯಲ್ಲೋ ಎಸಿ ಇಲ್ಲದ ಕೋಣೆಯಲ್ಲಿ 32, 33 ಡಿಗ್ರಿ ಇರುವಾಗ ಒಳಗಿನ ರಬ್ಬರ್ ಮೆದುವಾಗ್ತದೆ. 20 ಇದ್ದದ್ದು 24 ಆಯಿತು ಅಂತ ಇಟ್ಟುಕೊಳ್ಳಿ, ಆ ಟೆಕ್ನಿಕ್ಸ್ ಜೋಡಿ 7.3ಕ್ಕೆ ಇಳೀತದೆ. ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಈ ಊರಿನಲ್ಲಿ ಕಾಗದದ ಮೇಲೆ 8 ಬಂದರೆ ಸಾಲದು, 10ರ ಮೇಲೆ ಬರುವ ಜೋಡಿ ಹುಡುಕಿ. ಬಹಳ ಮೆದು ಕಾರ್ಟ್ರಿಜ್ ನಮಗೆ ಹೇಳಿಸಿದ್ದಲ್ಲ.

ಹಾಗಾದರೆ ದುಬಾರಿ ಆರ್ಮಿಗೆ ಅರ್ಥ ಇಲ್ವಾ? ಉಂಟು. ಎಸ್‌ಎಂಇ V ನೋಡಿ, ಮೆಗ್ನೀಸಿಯಂನಲ್ಲಿ ಒಂದೇ ತುಂಡಾಗಿ ಎರಕ ಹೊಯ್ದ ಕೊಳವೆ, ಹತ್ತು ಹನ್ನೊಂದು ಗ್ರಾಂ, ಜೊತೆಗೆ ಎಣ್ಣೆಯ ಡ್ಯಾಂಪಿಂಗ್. ಆ ಡ್ಯಾಂಪಿಂಗ್ ರೆಸೊನೆನ್ಸಿನ ಜಾಗ ಬದಲಿಸುವುದಿಲ್ಲ, ಅದರ ಸೊಕ್ಕು ಇಳಿಸ್ತದೆ. ಬೆಂಡು ಪ್ಲೇಟಿನವರಿಗೆ ಅದು ನಿಜವಾದ ಉಪಕಾರ. ಬೇರಿಂಗೂ ಬೇರೆಯೇ ಮಟ್ಟದ್ದು. ಆದರೆ 2019ರ ಕೊನೆಗೆ ಎಸ್‌ಎಂಇಯವರು ಆರ್ಮುಗಳನ್ನು ಬಿಡಿಯಾಗಿ ಮಾರುವುದನ್ನೇ ನಿಲ್ಲಿಸಿದರು. ಸೆಕೆಂಡ್ ಹ್ಯಾಂಡ್ ಹುಡುಕಬೇಕು, ತಗೊಳ್ಳುವಾಗ ಬೇರಿಂಗ್ ಕೈಯಲ್ಲಿ ಅಲ್ಲಾಡಿಸಿ ನೋಡಬೇಕು. ರೇಗಾ 1983ರಲ್ಲಿ ಆರ್‌ಬಿ300 ತಂದಾಗ ಒಂದೇ ತುಂಡಿನ ಎರಕದ ಕೊಳವೆ ಸಾಮಾನ್ಯ ಜನರ ಕೈಗೆ ಬಂತು. ಎತ್ತರ ಹೊಂದಿಸಲಿಕ್ಕೆ ವ್ಯವಸ್ಥೆ ಇಲ್ಲ, ಅಡಿಗೆ ಸ್ಪೇಸರ್ ಇಡಬೇಕು. ನನಗೆ ಅದು ದೊಡ್ಡ ಕೊರತೆ ಅಲ್ಲ. ಯುನಿಪಿವಟ್ ಬಗ್ಗೆ ಒಂದೇ ಮಾತು: ಒಂದೇ ಮೊನೆಯ ಮೇಲೆ ನಿಲ್ಲುವ ಆರ್ಮಿಗೆ ಡಿಎಲ್-103ರಂಥ ಬಿಗಿ ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಜ್ ಹಾಕುವ ಮೊದಲು ಆ ಜೋಡಿಯ ಸದ್ದು ಕೇಳಿ ನೋಡಿ.

ಹೆಡ್‌ಶೆಲ್ (ಕಾರ್ಟ್ರಿಜ್ ಕೂರುವ ತುಂಡು) ಬಿಚ್ಚಲಿಕ್ಕೆ ಬರುವ ಆರ್ಮ್ ಇದ್ದವರಿಗೆ ಇನ್ನೊಂದು ದಾರಿ ಉಂಟು. ಹೆಡ್‌ಶೆಲ್ ಇರುವುದು ತುದಿಯಲ್ಲಿ, ಹಾಗಾಗಿ ಅಲ್ಲಿ ಸೇರಿಸಿದ ಒಂದೊಂದು ಗ್ರಾಮೂ ಹೆಚ್ಚುಕಡಿಮೆ ಪೂರ್ತಿ ಎಫೆಕ್ಟಿವ್ ಮಾಸ್ ಆಗ್ತದೆ. ಬಿಗಿ ಕಾರ್ಟ್ರಿಜ್‌ಗೆ ಭಾರದ ಶೆಲ್, ಮೆದುವಿಗೆ ಹಗುರದ್ದು. ಆರ್ಮ್ ಬದಲಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಶೆಲ್ ಬಿಚ್ಚಿದಾಗ ಕಾರ್ಟ್ರಿಜ್ ಹಿಂದಿನ ನಾಲ್ಕು ಪಿನ್‌ಗಳನ್ನೂ ನೋಡಿ, ಕಡಲ ಗಾಳಿಗೆ ಅವು ಬೇಗ ಕಪ್ಪಾಗ್ತವೆ.

ಲೆಕ್ಕ ಮಾಡಿ ಆದ ಮೇಲೆ ಪರೀಕ್ಷೆ ಮಾಡಲೇಬೇಕು. ರೆಸೊನೆನ್ಸ್ ಟ್ರ್ಯಾಕ್ ಇರುವ ಟೆಸ್ಟ್ ರೆಕಾರ್ಡ್ ಹಾಕಿ, ಹರ್ಟ್ಸ್ ಇಳಿಯುತ್ತಾ ಬರುವಾಗ ಕಾರ್ಟ್ರಿಜ್ ಎಲ್ಲಿ ನಡುಗ್ತದೆ ಅಂತ ಕಣ್ಣಲ್ಲೇ ನೋಡಬಹುದು. ಮೇ ತಿಂಗಳ ಮಧ್ಯಾಹ್ನ ಒಮ್ಮೆ ಮಾಡಿ, ಜುಲೈ ಮಳೆಯಲ್ಲಿ ಇನ್ನೊಮ್ಮೆ. ಎರಡೂ ಸಂಖ್ಯೆಯನ್ನು ಕಾಮೆಂಟಿನಲ್ಲಿ ಬರೆಯಿರಿ, ಆರ್ಮ್ ಮತ್ತು ಕಾರ್ಟ್ರಿಜ್ ಹೆಸರಿನ ಜೊತೆಗೆ. ಕರಾವಳಿಯ ಕೋಣೆಗಳಲ್ಲಿ ಅಳೆದ ಅಂಥ ಒಂದು ಪಟ್ಟಿ ನಮಗೆ ಬೇಕೇ ಬೇಕು.