ಒಮ್ಮೆಲೇ ಜಾಸ್ತಿಯಾದರೆ ಮೊದಲು ಮೈ ನೋಡಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 21 ವಿಶ್ವ ಅಲ್ಝೈಮರ್ ದಿನ, ಹಾಗಾಗಿ ಈ ಕಾರ್ಯಕ್ರಮ. ಉಡುಪಿಯಲ್ಲಿ ಈ ಮಳೆಗೆ ಇಷ್ಟು ಜನ ಬಂದಿದ್ದೀರಿ ಅಂದರೆ ವಿಷಯ ಎಷ್ಟು ಮನೆಗಳಲ್ಲಿ ಉಂಟು ಅಂತ ಗೊತ್ತಾಗುತ್ತದೆ. ಮರೆವಿನ ಕಾಯಿಲೆ ಅಂದರೆ ಎಂತ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಇವತ್ತು ರಕ್ತದ ಬಗ್ಗೆ ಮಾತಾಡುತ್ತೇನೆ. ಮಿದುಳಿನ ಕಾಯಿಲೆಗೂ ರಕ್ತಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಉಂಟು. ಮಂಡೆಯೂ ಮೈಯ ಒಂದು ಭಾಗವೇ. ಇದನ್ನು ನಾವು, ಡಾಕ್ಟರುಗಳೂ ಸೇರಿ, ಮರೆತುಬಿಡುತ್ತೇವೆ. ಅದರಿಂದ ಹಿರಿಯರಿಗೆ ತುಂಬಾ ತೊಂದರೆಯಾಗುತ್ತಿದೆ.

1906ರಲ್ಲಿ ಅಲೋಯಿಸ್ ಅಲ್ಝೈಮರ್ ತನ್ನ ರೋಗಿ ಆಗಸ್ಟೆಯ ಮಿದುಳಿನಲ್ಲಿ ಕಂಡದ್ದನ್ನು ಜರ್ಮನಿಯ ಟ್ಯೂಬಿಂಗನ್‌ನಲ್ಲಿ ವಿವರಿಸಿದರು. ಅಲ್ಲಿಂದ ನೂರು ವರ್ಷ ಎಲ್ಲರ ಕಣ್ಣೂ ತಲೆಬುರುಡೆಯ ಒಳಗೇ. ಅಲ್ಲಿ ಸೇರಿಕೊಳ್ಳುವ ಅಮೈಲಾಯ್ಡ್, ಟೌ ಅನ್ನುವ ಪ್ರೋಟೀನುಗಳು, ಈ ಎರಡೇ ಮಾತು. ಜೊತೆಗೆ ಇನ್ನೊಂದು ನಂಬಿಕೆ ಇತ್ತು. 1948ರಲ್ಲಿ ಪೀಟರ್ ಮೆಡಾವರ್ ಅನ್ನುವ ವಿಜ್ಞಾನಿ ಮೊಲಗಳ ಮಿದುಳಿಗೆ ಬೇರೆ ಮೊಲದ ಚರ್ಮದ ತುಂಡು ಕಸಿ ಮಾಡಿ ನೋಡಿದರು. ಬೇರೆ ಕಡೆಯಾದರೆ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಬೇಗ ತಿರಸ್ಕರಿಸುತ್ತದೆ, ಮಿದುಳಲ್ಲಿ ಹಾಗೆ ಆಗಲಿಲ್ಲ. ಸರಿ, ಮಿದುಳಿಗೂ ರೋಗನಿರೋಧಕ ವ್ಯವಸ್ಥೆಗೂ ಸಂಬಂಧವೇ ಇಲ್ಲ ಅಂತ ಪುಸ್ತಕಗಳಲ್ಲಿ ಕೂತುಬಿಟ್ಟಿತು. 2015ರಲ್ಲಿ ಇಲಿಗಳ ಮಿದುಳಿನ ಪೊರೆಯಲ್ಲಿ ದುಗ್ಧನಾಳಗಳು, ಅಂದರೆ ರೋಗನಿರೋಧಕ ಕಣಗಳು ಓಡಾಡುವ ನಾಳಗಳು ಕಂಡವು. ಅಲ್ಲಿಂದ ಆ ಕಣಗಳು ತುಂಬಿರುವ ಕುತ್ತಿಗೆಯ ಗ್ರಂಥಿಗಳಿಗೆ ನೇರ ದಾರಿ. ಇಷ್ಟು ದೊಡ್ಡ ವಿಷಯ ಮೊನ್ನೆ ಮೊನ್ನೆಯವರೆಗೆ ಹೆಚ್ಚಿನವರ ಕಣ್ಣಿಗೆ ಬಿದ್ದಿರಲಿಲ್ಲ!

ಈಗ ರಕ್ತದಲ್ಲಿ ಕಾಣುವುದು ಏನು? ಅಲ್ಝೈಮರ್ ಇರುವವರನ್ನೂ ಅದೇ ವಯಸ್ಸಿನ ಇಲ್ಲದವರನ್ನೂ ಗುಂಪಾಗಿ ಹೋಲಿಸಿ ನೋಡಿದಾಗ ಕಾಯಿಲೆ ಇರುವವರಲ್ಲಿ ಐಎಲ್-6ನಂಥ ಉರಿಯೂತದ, ಅಂದರೆ ಸೋಂಕಿಗೋ ಪೆಟ್ಟಿಗೋ ಮೈ ಕೆರಳಿದಾಗ ಏರುವ, ಪ್ರೋಟೀನುಗಳು ಸರಾಸರಿ ಜಾಸ್ತಿ ಇರುತ್ತವೆ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಪಾಲು ಏರಿ ಲಿಂಫೋಸೈಟ್ ಪಾಲು ಇಳಿದಿರುತ್ತದೆ. 2020ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೇಳಿದರು. ಹಳೆಯ ಸೋಂಕುಗಳ ನೆನಪು ಇಟ್ಟುಕೊಂಡಿರುವ ಒಂದು ಬಗೆಯ ಟಿ ಕಣಗಳು, ಅಂದರೆ ರೋಗನಿರೋಧಕ ಬಿಳಿ ಕಣಗಳು, ಇವರ ರಕ್ತದಲ್ಲಿ ಹೆಚ್ಚಿದ್ದವು. ಮಿದುಳಿನ ಸುತ್ತಲಿನ ನೀರಿನಲ್ಲೂ ಅಂಥ ಕಣಗಳು ಓಡಾಡುತ್ತಿದ್ದವು, ಅವುಗಳಲ್ಲಿ ಕೆಲವು ಎಪ್ಸ್ಟೀನ್-ಬಾರ್ ವೈರಸ್ಸನ್ನು ಗುರುತಿಸುವಂಥವು. ಇವರಿಗೆ ಮೊನ್ನೆಯ ಮದುವೆ ನೆನಪಿಲ್ಲ, ರಕ್ತಕ್ಕೆ ಹಳೇ ಕಾಲದ ವೈರಸ್ ನೆನಪಿದೆ ನೋಡಿ.

ಇದು ಕಾರಣವಾ ಪರಿಣಾಮವಾ ಅಂತ ಕೇಳಿದರೆ ಎರಡೂ ಸ್ವಲ್ಪ ಸ್ವಲ್ಪ ಇರಬಹುದು ಅನ್ನುವುದು ನನ್ನ ಅಭಿಪ್ರಾಯ. ವಯಸ್ಸಾದರೇ ಸಾಕು, ಉರಿಯೂತ ಏರುತ್ತದೆ. ಆದರೆ 2013ರಲ್ಲಿ ಟ್ರೆಮ್2 ಅನ್ನುವ ಜೀನ್ ಸಿಕ್ಕಿತು. ಅದರ ಒಂದು ಅಪರೂಪದ ರೂಪ ಇದ್ದವರಿಗೆ ಅಲ್ಝೈಮರ್ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು. ಮಿದುಳಿನಲ್ಲಿ ಆ ಜೀನ್ ಕೆಲಸ ಮಾಡುವುದು ನರಕೋಶದಲ್ಲಲ್ಲ, ಅಲ್ಲಿನ ಕಾವಲು ಕಣಗಳಾದ ಮೈಕ್ರೋಗ್ಲಿಯಾಗಳಲ್ಲಿ. ಹಾಗಾಗಿ ರೋಗನಿರೋಧಕ ವ್ಯವಸ್ಥೆ ಸುಮ್ನೆ ನೋಡುತ್ತಾ ನಿಂತಿಲ್ಲ.

ಈಗ ಒಂದು ಮನೆಯ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಉಂಟು, ಆದರೆ ನಾನು ಬಂದದ್ದೇ ಇದನ್ನು ಹೇಳಲಿಕ್ಕೆ.

ಶಂಕರಪುರದ ಕಡೆಯ ಒಬ್ಬರು ಅಜ್ಜಿ. ಮಕ್ಕಳ ಹೆಸರು ಹೋಗಿತ್ತು, ಊಟ ಆಗಿದೆಯಾ ಇಲ್ಲವಾ ಗೊತ್ತಿರಲಿಲ್ಲ. ಆದರೆ ಎದುರಿಗೆ ಮಲ್ಲಿಗೆ ಮೊಗ್ಗು ಸುರಿದು ಬಾಳೆನಾರು ಕೊಟ್ಟರೆ ಸಾಕು, ಚೆಂಡು ಕಟ್ಟುತ್ತಿದ್ದರು. ಬೆರಳು ತಪ್ಪುತ್ತಿರಲಿಲ್ಲ. ಅಂಥವರು ಒಂದು ವಾರದಲ್ಲಿ ಪೂರಾ ಬದಲಾದರು. ಮೊಗ್ಗನ್ನು ಮುಟ್ಟಲಿಲ್ಲ. ಗಂಜಿ ಉಗುಳಿದರು. ರಾತ್ರಿಯಿಡೀ ಕೂಗು, ಹತ್ತಿರ ಹೋದವರಿಗೆ ಹೊಡೆತ, ಹಗಲಿಡೀ ಮಂಪರು. ಮಗ ದುಬೈಯಲ್ಲಿ, ವಿಡಿಯೋ ಕಾಲ್‌ನಲ್ಲಿ ನೋಡಿ ಅತ್ತರು. ಕಾಯಿಲೆ ಜೋರಾಯಿತು, ಇನ್ನು ಇಷ್ಟೇ ಅಂತ ಎಲ್ಲರೂ ತೀರ್ಮಾನಿಸಿದರು. ಮನೆಯವರು ಜ್ಯೋತಿಷಿಗಳ ಹತ್ತಿರ ಪ್ರಶ್ನೆಯನ್ನೂ ಇಡಿಸಿದರು, ಅದು ಅವರ ನಂಬಿಕೆ, ನಾನು ಬೇಡ ಅನ್ನುವುದಿಲ್ಲ. ಆದರೆ ಒಂದು ಕಡೆ ಡಾಕ್ಟರೊಬ್ಬರು ನಿದ್ದೆ ಮಾತ್ರೆ ಹೆಚ್ಚು ಮಾಡಿ ಕಳಿಸಿದ್ದರು. ಬಾಯಿ ತೆರೆಸಿ ನೋಡಲಿಲ್ಲ. ಅದು ನನಗೆ ಈಗಲೂ ಸಿಟ್ಟು.

ನೋಡಿದ್ದು ಯಾರು ಗೊತ್ತುಂಟಾ? ಹೋಮ್ ನರ್ಸ್ ಹುಡುಗಿ. ಹಾವೇರಿ ಕಡೆಯವಳು, ತುಳು ಬಾರದು. ಅಜ್ಜಿಗೆ ಆಗ ಉಳಿದಿದ್ದದ್ದು ತುಳು ಒಂದೇ. ಮಾತು ಅರ್ಥವಾಗದ ಕಾರಣ ಅವಳು ಮುಖವನ್ನೇ ನೋಡುತ್ತಿದ್ದಳು. ಬಿಸಿ ಗಂಜಿ ಬಲಗಡೆಗೆ ತಾಗಿದಾಗ ಮಾತ್ರ ಕೂಗುತ್ತಾರೆ, ಎಡಗಡೆಯಿಂದ ಕೊಟ್ಟರೆ ಎರಡು ಚಮಚ ಒಳಗೆ ಹೋಗುತ್ತದೆ ಅಂತ ಅವಳೇ ಹೇಳಿದ್ದು. ಟಾರ್ಚ್ ಹಾಕಿ ನೋಡಿದರೆ ಹಿಂದಿನ ಮುರಿದ ದವಡೆ ಹಲ್ಲಿನ ಬುಡದಲ್ಲಿ ಕೀವು. ಜ್ವರ ಇರಲಿಲ್ಲ. ವಯಸ್ಸಾದವರಿಗೆ ಸೋಂಕಿದ್ದರೂ ಎಷ್ಟೋ ಸಲ ಜ್ವರ ಬರುವುದಿಲ್ಲ, ದಯವಿಟ್ಟು ಇದನ್ನು ನೆನಪಿಡಿ. ರಕ್ತ ತೆಗೆದು ನೋಡಿದರೆ ಬಿಳಿ ಕಣಗಳು ಏರಿದ್ದವು, ಉರಿಯೂತ ತೋರಿಸುವ ಸಿಆರ್‌ಪಿ ಅನ್ನುವ ಪ್ರೋಟೀನು ತುಂಬಾ ಮೇಲೆ ಇತ್ತು. ಹಲ್ಲು ತೆಗೆಸಿ ಆಂಟಿಬಯೋಟಿಕ್ ಕೊಟ್ಟೆವು, ನಿದ್ದೆ ಮಾತ್ರೆ ಇಳಿಸಿದೆವು. ನಿಧಾನಕ್ಕೆ ಕೂಗು ನಿಂತಿತು. ಕೈ ಮತ್ತೆ ಬಾಳೆನಾರಿಗೆ ಬಂತು. ಮೊದಲಿನಷ್ಟು ಆಗಲಿಲ್ಲ, ಸೊಸೆಯ ಗುರುತು ಹೋದದ್ದು ಹೋದದ್ದೇ. ಆದರೆ "ಇನ್ನು ಇಷ್ಟೇ" ಅಂದವರ ಮಾತು ಸುಳ್ಳಾಯಿತು.

ಹಲ್ಲಿನ ಕೀವು ಮಂಡೆಗೆ ಹೇಗೆ ಹೋಯಿತು? ಕೀವು ಹೋಗಬೇಕಂತಿಲ್ಲ, ಸುದ್ದಿ ಹೋದರೆ ಸಾಕು. ಸೋಂಕಾದ ಕೂಡಲೇ ರಕ್ತದಲ್ಲಿ ಉರಿಯೂತದ ಪ್ರೋಟೀನುಗಳು ಏರುತ್ತವೆ. ಮಿದುಳಿನ ರಕ್ತನಾಳದ ಒಳಗೋಡೆ ಆ ಸುದ್ದಿಯನ್ನು ಒಳಗೆ ದಾಟಿಸುತ್ತದೆ, ಹೊಟ್ಟೆ ಎದೆಯಿಂದ ಮಿದುಳಿಗೆ ಹೋಗುವ ವೇಗಸ್ ನರದ ಮೂಲಕವೂ ಹೋಗುತ್ತದೆ. ನಮಗೆ ನಿಮಗೆ ಜ್ವರ ಬಂದಾಗ ಯಾರ ಮಾತೂ ಬೇಡ, ಮಲಗಿದರೆ ಸಾಕು ಅನ್ನಿಸುತ್ತದಲ್ವಾ, ಅದು ಇದೇ. ಮಂಡೆಯೂ ಮೈಯ ಒಂದು ಭಾಗ ಅಂತ ನಾನು ಹೇಳುವುದು ಇದಕ್ಕೆ. ಆದರೆ ಡಿಮೆನ್ಶಿಯಾ, ಅಂದರೆ ಅಲ್ಝೈಮರ್‌ನಂಥ ಮರೆವಿನ ಕಾಯಿಲೆ, ಇರುವವರ ಮಿದುಳಿನಲ್ಲಿ ಮೈಕ್ರೋಗ್ಲಿಯಾಗಳು ಮೊದಲೇ ಕೆರಳಿರುತ್ತವೆ. ಒಮ್ಮೆ ಅಂಗಳಕ್ಕೆ ಚಿರತೆ ಬಂದದ್ದನ್ನು ಕಂಡ ನಾಯಿ ಆಮೇಲೆ ತೆಂಗಿನ ಮಡಲು ಬಿದ್ದರೂ ಬೆಳಗಿನವರೆಗೆ ಬೊಗಳುತ್ತದಲ್ಲ, ಹಾಗೆ. ಸಣ್ಣ ಸೋಂಕಿಗೆ ದೊಡ್ಡ ಗಲಾಟೆ.

ಇಂಗ್ಲೆಂಡಿನಲ್ಲಿ ಕ್ಲೈವ್ ಹೋಮ್ಸ್ ಅವರ ತಂಡ ಸುಮಾರು 300 ಅಲ್ಝೈಮರ್ ರೋಗಿಗಳನ್ನು ಆರು ತಿಂಗಳು ಗಮನಿಸಿ 2009ರಲ್ಲಿ ಬರೆಯಿತು. ಮಧ್ಯದಲ್ಲಿ ಸೋಂಕೋ ಪೆಟ್ಟೋ ಆದವರ ನೆನಪು ಕುಸಿದ ವೇಗ ಎರಡು ಪಟ್ಟು. ರಕ್ತದಲ್ಲಿ ಟಿಎನ್‌ಎಫ್ ಅನ್ನುವ ಉರಿಯೂತದ ಪ್ರೋಟೀನು ಮೊದಲಿಂದಲೇ ಜಾಸ್ತಿ ಇದ್ದವರಲ್ಲಿ ನಾಲ್ಕು ಪಟ್ಟು. ಹಾಗಾಗಿ ಒಂದೆರಡು ದಿನದಲ್ಲಿ ಒಮ್ಮೆಲೇ ಜಾಸ್ತಿಯಾದರೆ ಅದನ್ನು ಮರೆವಿನ ಲೆಕ್ಕಕ್ಕೆ ಬರೆಯಬೇಡಿ. ಮೂತ್ರ, ಎದೆ, ಬಾಯಿ, ಮಲಬದ್ಧತೆ, ಬೆನ್ನಿನ ಹುಣ್ಣು, ಮಳೆಗಾಲದಲ್ಲಿ ಕಾಲ್ಬೆರಳ ಸಂದಿ, ಹೊಸದಾಗಿ ಶುರು ಮಾಡಿದ ಮಾತ್ರೆ. ಎಲ್ಲ ನೋಡಿ.

ಸಂಘಟಕರು ಚೀಟಿ ಕೊಟ್ಟರು, ಹತ್ತು ನಿಮಿಷ ಅಂತೆ. ಬೇಗ ಹೇಳುತ್ತೇನೆ.

ಉರಿಯೂತ ಇದ್ದರೆ ಉರಿಯೂತದ ಮಾತ್ರೆ ನುಂಗಿದರೆ ಆಯಿತಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ. ಅಮೆರಿಕದಲ್ಲಿ ಅಡಾಪ್ಟ್ ಅನ್ನುವ ದೊಡ್ಡ ಪ್ರಯೋಗದಲ್ಲಿ ನ್ಯಾಪ್ರೋಕ್ಸೆನ್, ಸೆಲೆಕಾಕ್ಸಿಬ್ ಅನ್ನುವ ಅಂಥ ಮಾತ್ರೆಗಳನ್ನು ಕೊಟ್ಟು ನೋಡಿದರು, ಕಾಯಿಲೆ ತಡೆಯಲಿಲ್ಲ. ಹೃದಯಕ್ಕೆ ತೊಂದರೆಯಾದೀತು ಅನ್ನುವ ಭಯದಿಂದ 2004ರಲ್ಲಿ ಮಾತ್ರೆ ನಿಲ್ಲಿಸಿದರು. ಹಾಗೇ, ಸಿಆರ್‌ಪಿ ಜಾಸ್ತಿ ಬಂದರೆ ಮರೆವು ಬರುತ್ತದೆ ಅಂತ ಯಾರಾದರೂ ಲ್ಯಾಬ್ ಪ್ಯಾಕೇಜ್ ಮಾರಿದರೆ ದುಡ್ಡು ಕೊಡಬೇಡಿ. ನೆಗಡಿಗೂ ಅದು ಏರುತ್ತದೆ. ನಾನು ಹೇಳಿದ್ದೆಲ್ಲ ಗುಂಪಿನ ಸರಾಸರಿ, ಒಬ್ಬರ ಭವಿಷ್ಯ ಅಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ರಕ್ತ ಪರೀಕ್ಷೆ ಟೌ ಮತ್ತು ಅಮೈಲಾಯ್ಡ್ ಅಳೆಯುವಂಥದ್ದು, ಅದೂ ಲಕ್ಷಣ ಶುರುವಾದವರಿಗೆ, ತಜ್ಞರ ಹತ್ತಿರ.

ಲಸಿಕೆ ವಿಷಯ. ವೇಲ್ಸ್‌ನಲ್ಲಿ 2013ರಲ್ಲಿ ಸರ್ಪಸುತ್ತಿನ ಲಸಿಕೆ ಶುರುವಾದಾಗ 1933ರ ಸೆಪ್ಟೆಂಬರ್ 2ಕ್ಕಿಂತ ಮೊದಲು ಹುಟ್ಟಿದವರಿಗೆ ಸಿಗಲಿಲ್ಲ. ಆ ದಿನದ ಆಚೆ ಈಚೆ ಹುಟ್ಟಿದವರನ್ನು ಹೋಲಿಸಿದರೆ ಲಸಿಕೆ ಹಾಕಿಸಿಕೊಂಡವರಲ್ಲಿ ಏಳು ವರ್ಷದಲ್ಲಿ ಡಿಮೆನ್ಶಿಯಾ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಹೆಂಗಸರಲ್ಲಿ ಲಾಭ ಜಾಸ್ತಿ ಕಂಡಿತು. ಕಾರಣ ಇನ್ನೂ ಹುಡುಕುತ್ತಿದ್ದಾರೆ. ನಮ್ಮ ದೇಶದಲ್ಲಿ 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅಂತ ಅಂದಾಜು. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ವರ್ಷಗಟ್ಟಲೆ ಜನರನ್ನು ಪರೀಕ್ಷಿಸುತ್ತಿದ್ದಾರೆ, ರಕ್ತವನ್ನೂ. ಕರಾವಳಿಯಲ್ಲೂ ಅಂಥದ್ದು ಬೇಕು ಅನ್ನುವುದು ನನ್ನ ಆಸೆ. ಅದರ ಬಗ್ಗೆ ಇನ್ನೊಮ್ಮೆ.

ಕೊನೆಗೆ ಒಂದು ವಿನಂತಿ. ಡಾಕ್ಟರ್ ಹತ್ತಿರ ಬರುವಾಗ ಹೋಮ್ ನರ್ಸನ್ನು ಕಾರಿನಲ್ಲಿ ಕೂರಿಸಿ ಬರಬೇಡಿ, ಒಳಗೆ ಕರೆದುಕೊಂಡು ಬನ್ನಿ. ನಿದ್ದೆ, ಊಟ, ಮೂತ್ರ ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರುವುದಿಲ್ಲ. ಇಲ್ಲಿ ಹಿಂದಿನ ಸಾಲಿನಲ್ಲಿ ಕೆಲವರು ಕೂತಿದ್ದಾರೆ. ಕಾರ್ಯಕ್ರಮ ಮುಗಿದ ಮೇಲೆ ಸ್ವಲ್ಪ ನಿಲ್ಲಿ ಅಮ್ಮ, ಬಾಯಿ ತೆರೆಯಲು ಒಪ್ಪದವರ ಬಾಯಿಯನ್ನು ಟಾರ್ಚ್ ಹಿಡಿದು ನೋಡುವುದು ಹೇಗೆ ಅಂತ ತೋರಿಸುತ್ತೇನೆ. ಈಗ ಪ್ರಶ್ನೆಗಳಿದ್ದರೆ ಕೇಳಿ.