ಗಿರ್ಮಿಟ್ ಮೆತ್ತಗಾಗುವ ಮೊದಲು

[ದೃಶ್ಯ: ಹುಬ್ಬಳ್ಳಿಯ ದುರ್ಗದಬೈಲ್, ಸಂಜೆ. ಪ್ಲೇಟಿನಲ್ಲಿ ಗಿರ್ಮಿಟ್, ಪಕ್ಕದಲ್ಲಿ ಎರಡು ಮಿರ್ಚಿ. ಅದರ ಮೇಲೆ ಮೊಬೈಲಿನ ನೆರಳು.]

ಆ ನೆರಳು ನನ್ನದೇ. ಹೋದ ತಿಂಗಳು ಇಲ್ಲೇ ನಿಂತು ಗಿರ್ಮಿಟ್ ಫೋಟೊ ತೆಗೆದೆ. ಒಂದಲ್ಲ, 14. ಮಿರ್ಚಿ ಸ್ವಲ್ಪ ಎಡಕ್ಕಿರಬೇಕು, ಕೊತ್ತಂಬರಿ ಎದ್ದು ಕಾಣಬೇಕು, ಹಿಂದಿನ ಸ್ಕೂಟರ್ ಮಾತ್ರ ಕಾಣಬಾರದು. ಚುರುಮುರಿಗೆ ಹುಣಸೆಹುಳಿಯ ಒಗ್ಗರಣೆ ಬಿದ್ದ ಮೇಲೆ ಅದು ಯಾರಿಗೂ ಕಾಯುವುದಿಲ್ಲ, ಗೊತ್ತಲ್ವಾ? ನಾನು ಬಾಯಿಗಿಡುವ ಹೊತ್ತಿಗೆ ಗಿರ್ಮಿಟ್ ಹೋಗಿ ಸುಸಲಾ, ಅಂದರೆ ನೆನೆದ ಚುರುಮುರಿಯ ಒಗ್ಗರಣೆ, ಆಗಿತ್ತು.

ಪೋಸ್ಟ್ ಹಾಕಿದೆ. 41 ಲೈಕ್ ಬಂತು. ರಾತ್ರಿ ಹನ್ನೊಂದಕ್ಕೆ ನೋಡಿದರೂ 41. ಬೇಜಾರಾಯಿತು. ಹೊಟ್ಟೆ ತುಂಬ ತಿಂದು ಬಂದು ಸುಮ್ನೆ ಬೇಜಾರು ಮಾಡಿಕೊಂಡು ಮಲಗಿದೆನಲ್ಲ, ಯಾಕೆ? ಇವತ್ತು ಅದನ್ನೇ ನೋಡೋಣ.

[ದೃಶ್ಯ: ನಿರೂಪಕ, ಎದುರಿಗೆ ಚಹಾ.]

"ಉಣ್ಣುವಾಗ ಮೊಬೈಲ್ ಯಾಕೆ?" ಅಂತ ಮನೆಯ ಹಿರಿಯರು ಬೈಯುತ್ತಾರೆ. ಆದರೆ ಫೋಟೊ ತೆಗೆಯುವುದೇ ತಪ್ಪೇನಲ್ಲ. ಕ್ರಿಸ್ಟಿನ್ ಡೀಲ್, ಗಾಲ್ ಜಾಬರ್‌ಮನ್, ಅಲಿಕ್ಸಾಂಡ್ರಾ ಬರಾಶ್ ಎಂಬ ಮೂವರು ಸಂಶೋಧಕರು 2016ರಲ್ಲಿ ಇದರ ಬಗ್ಗೆ ಬರೆದರು. ಬಸ್ ಪ್ರವಾಸದಿಂದ ಹಿಡಿದು ಊಟದವರೆಗೆ ಬೇರೆ ಬೇರೆ ಸಂದರ್ಭಗಳಲ್ಲಿ ಪರೀಕ್ಷೆ ಮಾಡಿದ್ದರು. ಬಹಳ ಕಡೆ ಫೋಟೊ ತೆಗೆದವರೇ ಜಾಸ್ತಿ ಖುಷಿಪಟ್ಟಿದ್ದರು. ಫೋಟೊ ತೆಗೆಯಬೇಕಾದರೆ ತಟ್ಟೆಯನ್ನು ಸರಿಯಾಗಿ ನೋಡಬೇಕಾಗುತ್ತದೆ. ಆ ಗಮನವೇ ಖುಷಿ ಕೊಡುತ್ತದೆ.

ಆಟ ಕೆಡುವುದು ಆಮೇಲೆ. ಇದೇ ಮೂವರು 2018ರಲ್ಲಿ ಇನ್ನೊಂದು ಅಧ್ಯಯನ ತಂದರು. ತಮ್ಮ ನೆನಪಿಗೆ ಫೋಟೊ ತೆಗೆದವರಿಗಿಂತ ಸೋಶಿಯಲ್ ಮೀಡಿಯಾಕ್ಕೆ ಹಾಕಲು ತೆಗೆದವರ ಖುಷಿ ಕಡಿಮೆ ಇತ್ತು. ನೋಡಿದವರು ನನ್ನ ಬಗ್ಗೆ ಏನಂದುಕೊಳ್ಳುತ್ತಾರೋ ಅನ್ನುವ ಚಿಂತೆ ಆಗಲೇ ಒಳಗೆ ಬಂದಿರುತ್ತದೆ. ನನ್ನ 14 ಫೋಟೊ ನೆನಪಾಯಿತಾ? ಮೊದಲನೆಯದು ನನಗೆ. ಉಳಿದ 13 ಆ 41 ಜನರಿಗೆ.

[ದೃಶ್ಯ: ಬೊಗಸೆ ತುಂಬ ಹುರಿದ ಶೇಂಗಾ.]

ಇನ್ನು ಶೇಂಗಾ. ಅಮೆರಿಕದಲ್ಲಿ ಲಾರ್ಸನ್, ರೆಡನ್, ಎಲ್ಡರ್ ಎಂಬ ಸಂಶೋಧಕರು ಒಂದು ಗುಂಪಿಗೆ ಸಿಹಿ ತಿನಿಸಿನ 60 ಫೋಟೊ ತೋರಿಸಿದರು, ಇನ್ನೊಂದು ಗುಂಪಿಗೆ ಉಪ್ಪುಪ್ಪು ತಿನಿಸಿನ 60. ಒಂದೊಂದನ್ನೂ ನೋಡಿ ಎಷ್ಟು ಆಸೆಯಾಗುತ್ತದೆ ಅಂತ ಹೇಳಬೇಕಿತ್ತು. ಕೊನೆಗೆ ಎಲ್ಲರ ಕೈಗೂ ಉಪ್ಪು ಶೇಂಗಾ ಕೊಟ್ಟರು. ಉಪ್ಪಿನ ಫೋಟೊ ನೋಡಿದವರಿಗೆ ಶೇಂಗಾ ಅಷ್ಟು ರುಚಿಸಲಿಲ್ಲ. ಒಂದು ಕಾಳೂ ತಿನ್ನದೆ ನಾಲಿಗೆಗೆ ಸಾಕಾಗಿತ್ತು! ಒಂದೆರಡು ಫೋಟೊ ನೋಡಿದರೆ ಏನೂ ಆಗಲಿಕ್ಕಿಲ್ಲ, 60 ನೋಡಿದಾಗಿನ ಮಾತು ಇದು. ಆದರೆ ಮಧ್ಯಾಹ್ನದ ಊಟಕ್ಕೆ ಮೊದಲು ನಾವು ಸ್ಕ್ರೋಲ್ ಮಾಡುವುದು ಏನು ಕಡಿಮೆಯಾ? ಅದರಲ್ಲೂ ಶೇಂಗಾ ರುಚಿ ಹೋಗುತ್ತದೆ ಅಂದರೆ ನಮ್ಮ ಕಡೆ ಅದು ಸಣ್ಣ ವಿಷಯ ಅಲ್ಲ.

[ದೃಶ್ಯ: ಖಾನಾವಳಿ. ತಟ್ಟೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಹಸಿ ಮೆಂತ್ಯ, ಮೊಸರು.]

ನನಗೆ ಕಾಡುವ ಇನ್ನೊಂದು ವಿಷಯ. ನಮ್ಮ ಊಟ ಫೋಟೊದಲ್ಲಿ ಚಂದ ಬರುವುದಿಲ್ಲ. ಎಣ್ಣೆಗಾಯಿ ಕರ್ರಗೆ ಕಾಣುತ್ತದೆ. ಧಾರವಾಡ ಪೇಡಾಕ್ಕೆ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಮಾನ್ಯತೆಯೇ ಇದೆ, ಕ್ಯಾಮೆರಾಕ್ಕೆ ಮಾತ್ರ ಅದು ಸಕ್ಕರೆಯಲ್ಲಿ ಹೊರಳಿದ ಕಂದು ಉಂಡೆ. ಹಾಗಾಗಿ ಗೆಳೆಯರು ಸೇರಿದರೆ ಗೋಡೆಗೆ ಬಣ್ಣದ ಲೈಟ್ ಇರುವ ಕೆಫೆಗೆ ಹೋಗುತ್ತಾರೆ. ಹೋಗಲಿ, ತಪ್ಪಿಲ್ಲ. ಆದರೆ ನಾಲಿಗೆ ಕೇಳಿದ್ದಕ್ಕೆ ಹೋದಿರೋ, ಫೋಟೊ ಚಂದ ಬರುತ್ತದೆ ಅಂತ ಹೋದಿರೋ?

ಒಂದು ಖಾನಾವಳಿಯಲ್ಲಿ ನಾನು ಮೊಬೈಲ್ ಎತ್ತಿದ ತಕ್ಷಣ ಬಡಿಸುವ ಅಕ್ಕ ಅಂದರು, "ಫೋಟೊ ಆಮ್ಯಾಲೆ ತಗೀರಿ, ರೊಟ್ಟಿ ಆರತಾವ." ಮೂರು ಅಧ್ಯಯನ ಓದುವ ಮೊದಲೇ ಇವರನ್ನು ಕೇಳಿದ್ದರೆ ಸಾಕಿತ್ತೇನೋ.

[ದೃಶ್ಯ: ಧಾರವಾಡದ ಸಪ್ತಾಪುರ, ರಾತ್ರಿ. ಕೋಚಿಂಗ್ ಬೋರ್ಡುಗಳು, ರೂಮಿನ ಕಿಟಕಿಯಲ್ಲಿ ಬೆಳಕು.]

ಫೋಟೊ ಹಾಕುವವರ ಮಾತಾಯಿತು. ನೋಡುವವರು? ಇಲ್ಲಿ ಪಿಎಸ್‌ಐ, ಕೆಎಎಸ್ ಅಂತ ಓದುವ ಹುಡುಗರು, ಹುಡುಗಿಯರು ರೂಮು ಮಾಡಿಕೊಂಡಿರುತ್ತಾರೆ. ಮೆಸ್ಸಿನ ತೆಳ್ಳನೆ ಸಾರಿನ ಮುಂದೆ ಕೂತು ಮೊಬೈಲ್ ತೆರೆದರೆ, ಜೊತೆಗೆ ಓದಿ ಬೆಂಗಳೂರಲ್ಲಿ ಕೆಲಸ ಹಿಡಿದವನ ಬಫೆ. ಅವನು ವಾರಕ್ಕೊಮ್ಮೆ ಹೋಟೆಲಿಗೆ ಹೋಗಿರುತ್ತಾನೆ. ಉಳಿದ ಆರು ದಿನ ಅವನೂ ಅನ್ನ-ಮೊಸರೇ. ಅದರ ಫೋಟೊ ಯಾರು ಹಾಕುತ್ತಾರೆ ಹೇಳಿ?

ಲೈಕ್ ಎಣಿಸುವ ಚಟ ಇದ್ದವರಿಗೆ ಒಂದು ಸಣ್ಣ ಉಪಾಯ ಇದೆ. 2021ರಿಂದ ಇನ್‌ಸ್ಟಾಗ್ರಾಮಿನಲ್ಲಿ ಪೋಸ್ಟಿನ ಲೈಕ್ ಲೆಕ್ಕ ಬೇರೆಯವರಿಗೆ ಕಾಣದ ಹಾಗೆ ಮಾಡಬಹುದು. ಹಾಕಿದವರು ತಾವು ನೋಡಬೇಕೆಂದರೆ ಬೇಕಂತಲೇ ಹುಡುಕಬೇಕು. ನಾನು ಮಾಡಿಕೊಂಡಿದ್ದೇನೆ. ಮೊದಲೆರಡು ದಿನ ಕೈ ತುರಿಸಿತು, ಸುಳ್ಳು ಹೇಳಲ್ಲ.

ಫೋಟೊ ಬಿಟ್ಟಿಲ್ಲ. ಈಗ ಒಂದೇ ತೆಗೆಯುತ್ತೇನೆ, ಅದೂ ಮೊದಲ ತುತ್ತು ಆದ ಮೇಲೆ. ಅದು ಹೋಗುವುದು ಹಾವೇರಿಯ ಒಬ್ಬರ ವಾಟ್ಸಾಪಿಗೆ. ಅವರಿಗೆ ಆ್ಯಂಗಲ್ ಬೇಕಿಲ್ಲ, ಲೈಟಿಂಗೂ ಬೇಕಿಲ್ಲ.

[ದೃಶ್ಯ: ಮೊಬೈಲ್ ಪರದೆ. ಅರ್ಧ ಮುರಿದ ರೊಟ್ಟಿಯ ಫೋಟೊ. ಕೆಳಗೆ ಅವ್ವನ ಉತ್ತರ: "ಮೊಸರು ಯಾಕ ಹಾಕ್ಕೊಂಡಿಲ್ಲ?"]